ಈಜಿಪ್ಟಿನ ‘ಶಮ್ ಅನ್ನಸೀಮ್’ ನಿಜಕ್ಕೂ 4,500 ವರ್ಷ ಹಳೆಯ ಹಬ್ಬವೇ?

ಪ್ರಶ್ನೆ: ನಾನು ಕುವೈತ್‌ನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಆಫೀಸಿನಲ್ಲಿ ಈಜಿಪ್ಟಿನವರು ಜಾಸ್ತಿ. ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ಸೇರಿ ಪ್ರತಿ ವರ್ಷ ‘ಶಮ್ ಅನ್ನಸೀಮ್’ ಎಂಬ ವಸಂತದ ಹಬ್ಬ ಮಾಡುತ್ತಾರೆ. ಉಪ್ಪು ಮೀನು, ಈರುಳ್ಳಿ, ಲೆಟ್ಯೂಸ್, ಬಣ್ಣದ ಮೊಟ್ಟೆ ಇರಲೇಬೇಕು. ಇದು ಫೇರೋಗಳ ಕಾಲದಿಂದ, ಅಂದರೆ 4,500 ವರ್ಷದಿಂದ ನಡೆದು ಬಂದಿದೆಯಂತೆ. ದೇವರಿಗೆ ಇದೇ ಮೀನು, ಇದೇ ಸೊಪ್ಪು ಅರ್ಪಿಸುತ್ತಿದ್ದರು ಅಂತ ಹಳೆಯ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನಂತೆ. ಈಸ್ಟರ್ ಮೊಟ್ಟೆಯೂ ಅಲ್ಲಿಂದಲೇ ಬಂತಂತೆ. ಇದೆಲ್ಲ ನಿಜಾನಾ? ಇನ್ನೊಂದು ಮಾತು: ಈ ಸಲ ಹಬ್ಬಕ್ಕೆ ಮನೆಗೆ ಕರೆದಿದ್ದಾರೆ. ಆ ಮೀನು ತಿನ್ನಬಹುದಾ?

ಉತ್ತರ: ತಟ್ಟೆಯಲ್ಲಿರುವ ಕೆಲವು ಪದಾರ್ಥಗಳು ನಿಜಕ್ಕೂ ಫೇರೋಗಳ ಕಾಲದವು. ಹಬ್ಬದ ದಿನ ಗೊತ್ತು ಮಾಡಿದ್ದು ಚರ್ಚು. ಮೊಟ್ಟೆ ಆಮೇಲೆ ಬಂದು ಸೇರಿಕೊಂಡದ್ದು. ಪ್ಲುಟಾರ್ಕ್ ಕತೆ ಮಾತ್ರ ಶುದ್ಧ ಸುಳ್ಳು. ಅದನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಈ ಹಬ್ಬದ ಬಗ್ಗೆ ಎಲ್ಲಿ ಓದಿದರೂ ಆ ಒಂದು ವಾಕ್ಯ ಎದುರಾಗುತ್ತದೆ.

‘ಪ್ಲುಟಾರ್ಕ್ ತನ್ನ ವಾರ್ಷಿಕ ವೃತ್ತಾಂತಗಳಲ್ಲಿ ಬರೆದಿರುವಂತೆ’ ಅಂತ ಆ ವಾಕ್ಯ ಶುರುವಾಗುತ್ತದೆ. ಆ ಹೆಸರಿನ ಪುಸ್ತಕವನ್ನು ಪ್ಲುಟಾರ್ಕ್ ಬರೆದೇ ಇಲ್ಲ. ಈಜಿಪ್ಟಿನ ಬಗ್ಗೆ ಅವನು ಬರೆದದ್ದು ಐಸಿಸ್ ಮತ್ತು ಒಸೈರಿಸ್ ಎಂಬ ಗ್ರಂಥ. ಅದರಲ್ಲಿ ಮೀನು ಮತ್ತು ಈರುಳ್ಳಿ ಎರಡರ ಪ್ರಸ್ತಾಪವೂ ಇದೆ, ಆದರೆ ಹೇಳಿರುವುದು ಪೂರ್ತಿ ಉಲ್ಟಾ. ವರ್ಷದ ಮೊದಲ ತಿಂಗಳ ಒಂಬತ್ತನೇ ದಿನ ಈಜಿಪ್ಟಿನ ಜನರೆಲ್ಲ ತಮ್ಮ ಮನೆ ಬಾಗಿಲ ಮುಂದೆ ಕೂತು ಸುಟ್ಟ ಮೀನು ತಿನ್ನುತ್ತಾರೆ, ಪುರೋಹಿತರು ಮಾತ್ರ ತಿನ್ನುವುದಿಲ್ಲ, ಬಾಗಿಲ ಮುಂದೆಯೇ ಅದನ್ನು ಸುಟ್ಟು ಬೂದಿ ಮಾಡಿಬಿಡುತ್ತಾರೆ ಅನ್ನುತ್ತಾನೆ. ಈರುಳ್ಳಿ ಕಂಡರೂ ಅವರಿಗೆ ಆಗುವುದಿಲ್ಲವಂತೆ. ಚಂದ್ರ ಕ್ಷೀಣಿಸುವಾಗ ಚೆನ್ನಾಗಿ ಬೆಳೆಯುವ ಗಿಡ ಅದೊಂದೇ, ಹಾಗಾಗಿ ದೂರ ಇಡುತ್ತಾರೆ ಎಂಬುದು ಅವನು ಕೊಡುವ ಕಾರಣ. ಇಂಥವನ ಬಾಯಿಗೆ ‘ದೇವರಿಗೆ ಉಪ್ಪು ಮೀನು, ಈರುಳ್ಳಿ ಅರ್ಪಿಸುತ್ತಿದ್ದರು’ ಎಂಬ ಮಾತನ್ನು ಯಾರೋ ತುರುಕಿದ್ದಾರೆ. ಒಬ್ಬರು ಬರೆದರು, ಉಳಿದವರು ನಕಲು ಮಾಡಿದರು, ಅಷ್ಟೆ.

ಇನ್ನು 4,500 ವರ್ಷದ ಲೆಕ್ಕ. ಅದರ ಜೊತೆಗೆ ಬರುವ ಕತೆ ಹೀಗೆ: ಕ್ರಿ.ಪೂ. 2700ರ ಹೊತ್ತಿಗೆ, ಮೂರನೇ ರಾಜವಂಶದ ಕೊನೆಗೆ, ಈ ಹಬ್ಬ ಅಧಿಕೃತವಾಗಿ ಶುರುವಾಯಿತು. ಹಗಲು ರಾತ್ರಿ ಸಮ ಇರುವ ವಸಂತದ ದಿನ ಜನ ದೊಡ್ಡ ಪಿರಮಿಡ್ಡಿನ ಮುಂದೆ ಸೇರಿ, ಅದರ ತುದಿಯಲ್ಲಿ ಸೂರ್ಯ ಮುಳುಗುವುದನ್ನು ನೋಡುತ್ತಿದ್ದರು. ಕೇಳಲು ಚಂದ. ಆದರೆ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ನಾಲ್ಕನೇ ರಾಜವಂಶದವನು, ಅವನ ಕಾಲ ಸುಮಾರು ಕ್ರಿ.ಪೂ. 2560. ಮೂರನೇ ರಾಜವಂಶದ ಜನ ಇನ್ನೂ ಕಟ್ಟಿರದ ಪಿರಮಿಡ್ಡಿನ ಮುಂದೆ ಹೋಗಿ ನಿಲ್ಲುವುದಾದರೂ ಹೇಗೆ?

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಹಳೆಯ ಈಜಿಪ್ಟಿನ ಪಂಚಾಂಗದಲ್ಲಿ ವಸಂತ ಅಂತ ಒಂದು ಋತುವೇ ಇರಲಿಲ್ಲ. ಅವರಿಗೆ ಇದ್ದದ್ದು ಮೂರು ಋತು, ಮೂರೂ ನೈಲ್ ನದಿಯ ಲೆಕ್ಕದಲ್ಲಿ. ನದಿ ಉಕ್ಕಿ ಹೊಲ ಮುಳುಗುವ ಕಾಲ ಅಖೆತ್. ನೀರು ಇಳಿದು, ಕೆಸರಿನಿಂದ ನೆಲ ಮೇಲೆದ್ದು, ಪೈರು ಬೆಳೆಯುವ ಕಾಲ ಪೆರೆತ್. ಕೊಯ್ಲಿನ, ನದಿ ಬತ್ತುವ ಕಾಲ ಶೆಮು. ಒಂದೊಂದಕ್ಕೆ ನಾಲ್ಕು ತಿಂಗಳು, ತಿಂಗಳಿಗೆ 30 ದಿನ, ವರ್ಷದ ಕೊನೆಗೆ 5 ದಿನ ಸೇರಿಸಿ 365. ‘ಶೆಮು’ ಅನ್ನುವುದೇ ಮುಂದೆ ‘ಶಮ್’ ಆಯಿತು ಎಂಬ ವಾದವನ್ನೂ ನಿಮ್ಮ ಗೆಳೆಯರು ಹೇಳಿರುತ್ತಾರೆ. ಆದರೆ ಅರಬ್ಬಿಯಲ್ಲಿ ಶಮ್ ಅಂದರೆ ಮೂಸುವುದು, ನಸೀಮ್ ಅಂದರೆ ತಂಗಾಳಿ. ಗಾಳಿ ಸೇವನೆಗೆ ಹೋಗುವ ಹಬ್ಬಕ್ಕೆ ಆ ಹೆಸರು ತಾನಾಗಿಯೇ ಒಪ್ಪುತ್ತದೆ, ಮೂಲ ಹುಡುಕಲು ಅಷ್ಟು ದೂರ ಹೋಗಬೇಕಿಲ್ಲ.

ಆ 365 ದಿನದ ವರ್ಷದ ಬಗ್ಗೆ ಒಂದು ವಿಷಯ ಗಮನಿಸಿ. ಅದರಲ್ಲಿ ಅಧಿಕ ದಿನ ಇರಲಿಲ್ಲ. ಹಾಗಾಗಿ ನಾಲ್ಕು ವರ್ಷಕ್ಕೆ ಒಂದು ದಿನದಂತೆ ಇಡೀ ಪಂಚಾಂಗ ಋತುಗಳಿಂದ ಜಾರುತ್ತಿತ್ತು. ಒಂದು ಸುತ್ತು ಪೂರ್ತಿ ಜಾರಿ ಮತ್ತೆ ಮೊದಲಿನ ಜಾಗಕ್ಕೆ ಬರಲು 1,460 ವರ್ಷ. ಅಂದರೆ ಕಾಗದದ ಮೇಲೆ ‘ಕೊಯ್ಲಿನ ಮೊದಲ ತಿಂಗಳು’ ಅಂತ ಇರುತ್ತದೆ, ಹೊರಗೆ ನೋಡಿದರೆ ಹೊಲದಲ್ಲಿ ನೀರು ನಿಂತಿರುತ್ತದೆ, ಅಂಥ ಶತಮಾನಗಳೂ ಬಂದು ಹೋದವು. ಕ್ರಿ.ಪೂ. 238ರಲ್ಲಿ, ಈಜಿಪ್ಟ್ ಆಳುತ್ತಿದ್ದ ಗ್ರೀಕ್ ದೊರೆ ಮೂರನೇ ಟಾಲೆಮಿಯ ಕಾಲದಲ್ಲಿ ಪುರೋಹಿತರೆಲ್ಲ ಕನೋಪಸ್ ಎಂಬಲ್ಲಿ ಸೇರಿ, ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಸೇರಿಸೋಣ ಅಂತ ಕಲ್ಲಿನಲ್ಲಿ ಕೆತ್ತಿಸಿಯೇ ಹೇಳಿದರು. ಯಾರೂ ಪಾಲಿಸಲಿಲ್ಲ. ಕೊನೆಗೆ ರೋಮಿನ ಅಗಸ್ಟಸ್ ಕಾಲದಲ್ಲಿ ಅದು ಜಾರಿಗೆ ಬಂತು, ಅಲ್ಲಿಂದ ಪಂಚಾಂಗ ನಿಂತಲ್ಲಿ ನಿಂತಿತು. ಇವತ್ತು ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಳಸುವುದು ಅದನ್ನೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಸದ್ಯಕ್ಕೆ ತಿಳಿಯಬೇಕಾದದ್ದು ಇಷ್ಟು: ಹೀಗೆ ಜಾರುವ ಪಂಚಾಂಗ ಇಟ್ಟುಕೊಂಡು ‘4,500 ವರ್ಷದಿಂದ ಪ್ರತಿ ವಸಂತಕ್ಕೂ ಒಂದೇ ದಿನ ಒಂದೇ ಹಬ್ಬ’ ಅನ್ನುವುದು ಆಗದ ಮಾತು.

ಹಾಗಾದರೆ ಎಲ್ಲವೂ ಸುಳ್ಳಾ ಅಂತ ಕೇಳಬೇಡಿ. ತಟ್ಟೆಯಲ್ಲಿರುವ ಒಂದೊಂದನ್ನೇ ಎತ್ತಿ ನೋಡಿದರೆ ಕತೆ ಬೇರೆಯಾಗುತ್ತದೆ.

ಲೆಟ್ಯೂಸ್‌ನಿಂದ ಶುರು ಮಾಡುತ್ತೇನೆ. ಸುಮ್ನೆ ಹಸಿರಿರಲಿ ಅಂತ ಇಟ್ಟ ಸೊಪ್ಪು ಅಂದುಕೊಂಡಿರುತ್ತೀರಿ, ಆದರೆ ಇಡೀ ತಟ್ಟೆಯಲ್ಲಿ ಗಟ್ಟಿ ದಾಖಲೆ ಇರುವುದು ಇದಕ್ಕೇ. ಈಜಿಪ್ಟಿನಲ್ಲಿ ಫಲವಂತಿಕೆಯ ದೇವರು ಮಿನ್. ಅವನ ಚಿತ್ರ ಇದ್ದಲ್ಲೆಲ್ಲ ಹಿಂದೆ ಉದ್ದುದ್ದ ಎಲೆಯ ಲೆಟ್ಯೂಸ್ ಗಿಡಗಳು ನಿಂತಿರುತ್ತವೆ. ಕಾರ್ನಾಕ್ ದೇವಾಲಯದಲ್ಲಿ ಮೊದಲನೇ ಸೆನುಸ್ರೆತ್ ದೊರೆ ಕಟ್ಟಿಸಿದ ಬಿಳಿ ಕಲ್ಲಿನ ಪುಟ್ಟ ಮಂಟಪ ಇದೆ, ಕ್ರಿ.ಪೂ. 1950ರ ಆಸುಪಾಸಿನದು. ಅದರ ಕಂಬಗಳ ಮೇಲೇ ಇದನ್ನು ಕಾಣಬಹುದು. ಲೆಟ್ಯೂಸ್ ಕಾಂಡ ಮುರಿದರೆ ಹಾಲಿನಂಥ ರಸ ಜಿನುಗುತ್ತದೆ. ಮಿನ್ ದೇವರ ವಿಗ್ರಹ ಒಮ್ಮೆ ನೋಡಿದವರಿಗೆ ಆ ರಸಕ್ಕೂ ಅವನಿಗೂ ಏನು ಸಂಬಂಧ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಮಿನ್‌ಗೆ ಒಂದು ದೊಡ್ಡ ಹಬ್ಬ ಇತ್ತು, ಅದು ಬರುತ್ತಿದ್ದದ್ದು ಶೆಮು ಋತುವಿನ ಮೊದಲ ತಿಂಗಳಲ್ಲಿ. ಲಕ್ಸರ್ ಎದುರಿನ ಪಶ್ಚಿಮ ದಂಡೆಯಲ್ಲಿ ಮೂರನೇ ರಾಮೆಸಿಸ್ ಕಟ್ಟಿಸಿದ ಮೆದಿನೆತ್ ಹಾಬು ದೇವಾಲಯವಿದೆ, ಕ್ರಿ.ಪೂ. 12ನೇ ಶತಮಾನದ್ದು. ಅದರ ಎರಡನೇ ಅಂಗಳದ ಗೋಡೆಯ ಮೇಲೆ ಈ ಹಬ್ಬ ಮೊದಲಿಂದ ಕೊನೆಯವರೆಗೆ ಕೆತ್ತಿದೆ. ಪುರೋಹಿತರು ದೇವರನ್ನು ಹೆಗಲ ಮೇಲೆ ಹೊತ್ತು ಹೊರಡುತ್ತಾರೆ. ಮುಂದೆ ಒಂದು ಬಿಳಿ ಹೋರಿ. ಹಿಂದೆ ಲೆಟ್ಯೂಸ್ ಗಿಡಗಳ ಮಡಿಯನ್ನೇ ಹೊತ್ತು ತರುವ ಆಳುಗಳು. ರಾಜ ಕುಡುಗೋಲು ಹಿಡಿದು ಗೋಧಿಯ ಒಂದು ಸಿವುಡು ಕೊಯ್ಯುತ್ತಾನೆ. ನಾಲ್ಕು ಹಕ್ಕಿಗಳನ್ನು ನಾಲ್ಕು ದಿಕ್ಕಿಗೆ ಹಾರಿಬಿಡುತ್ತಾರೆ. ಸುಗ್ಗಿ ಇದೆ, ಮೆರವಣಿಗೆ ಇದೆ, ಸೊಪ್ಪೂ ಇದೆ. ವಸಂತದ ಹಬ್ಬಕ್ಕೆ ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಪಂಚಾಂಗ ಜಾರಿದ್ದರಿಂದ, ಮೂರನೇ ರಾಮೆಸಿಸ್ ಕಾಲಕ್ಕೆ ಈ ‘ಕೊಯ್ಲಿನ ಮೊದಲ ತಿಂಗಳು’ ಬರುತ್ತಿದ್ದದ್ದು ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಜನವರಿ ಕೊನೆ, ಫೆಬ್ರವರಿಯಲ್ಲಿ. ಹೊಲ ಕೊಯ್ಲಿಗೆ ಬರುವ ಮೊದಲೇ ರಾಜನ ಕೈಗೆ ಕುಡುಗೋಲು ಬರುತ್ತಿತ್ತು.

ಆದರೂ ಲೆಟ್ಯೂಸ್ ತಿಂದು ನಡೆಸುವ ವಸಂತದ ಹಬ್ಬ ಮಿನ್ ಉತ್ಸವದಿಂದ ನೇರ ಇಳಿದು ಬಂತು ಅಂತ ನಾನು ಹೇಳಲಾರೆ. ಮಧ್ಯದ ಕೊಂಡಿಗಳು ಸಿಗುವುದಿಲ್ಲ. ಸುಗ್ಗಿಗೂ ಈ ಸೊಪ್ಪಿಗೂ ಈಜಿಪ್ಟಿನಲ್ಲಿ ಬಹಳ ಹಳೆಯ ನಂಟಿದೆ, ಅಷ್ಟು ಹೇಳಬಹುದು.

ಈರುಳ್ಳಿಯದ್ದು ಇನ್ನೊಂದು ಥರ. ಸೊಕರ್ ಎಂಬ ದೇವರ ಹಬ್ಬದಲ್ಲಿ ಜನ ಈರುಳ್ಳಿ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು, ಸತ್ತವರಿಗೂ ಅರ್ಪಿಸುತ್ತಿದ್ದರು. ಥೀಬ್ಸ್ ಊರಿನ ಸಮಾಧಿಗಳಲ್ಲಿ ಇದಕ್ಕೆ ಸಾಕ್ಷಿ ಇದೆ. ನಾಲ್ಕನೇ ರಾಮೆಸಿಸ್‌ನ ಮಮ್ಮಿಯಲ್ಲಂತೂ ಕಣ್ಣುಗಳ ಜಾಗದಲ್ಲಿ ಎರಡು ಸಣ್ಣ ಈರುಳ್ಳಿ ಇಟ್ಟಿದ್ದಾರೆ. ಈರುಳ್ಳಿಯ ಘಾಟಿಗೆ ಸತ್ತವರೂ ಎದ್ದು ಉಸಿರಾಡಿಯಾರು ಎಂಬ ನಂಬಿಕೆ ಇದ್ದಿರಬೇಕು ಅಂತ ಹಲವು ವಿದ್ವಾಂಸರ ಊಹೆ. ಆದರೆ ಸೊಕರ್ ಹಬ್ಬ ಬರುತ್ತಿದ್ದದ್ದು ಅಖೆತ್ ಋತುವಿನ ಕೊನೆಯ ತಿಂಗಳಲ್ಲಿ, ಸುಗ್ಗಿಯಲ್ಲಿ ಅಲ್ಲ. ಕಾಯಿಲೆ ಬಿದ್ದ ರಾಜಕುಮಾರನ ದಿಂಬಿನ ಕೆಳಗೆ ಈರುಳ್ಳಿ ಇಟ್ಟು ಗುಣಪಡಿಸಿದರು, ಅದಕ್ಕೇ ವಸಂತದ ಹಬ್ಬದಲ್ಲಿ ಈರುಳ್ಳಿ ಬಂತು ಎಂದು ಹೇಳುತ್ತಾರಲ್ಲ, ಅದು ಅಜ್ಜಿ ಕತೆ. ಚೆನ್ನಾಗಿದೆ, ಮಕ್ಕಳಿಗೆ ಹೇಳಿ. ಅದಕ್ಕೆ ಹಳೆಯ ಪ್ಯಾಪಿರಸ್ ಹಾಳೆಗಳಲ್ಲಿ ದಾಖಲೆ ಹುಡುಕಲು ಹೋಗಬೇಡಿ.

ಈಗ ಮೀನು. ಈಜಿಪ್ಟಿನವರ ಮೀನು ಸಹವಾಸವೇ ವಿಚಿತ್ರ. ಜನಸಾಮಾನ್ಯರು ಹೊಟ್ಟೆ ತುಂಬ ತಿನ್ನುತ್ತಿದ್ದರು. ರಾಜರ ಗೋರಿ ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕೆಲಸಗಾರರಿಗೆ ಸಂಬಳದ ಜೊತೆ ಮೀನು ತಂದುಕೊಡಲು ಬೆಸ್ತರನ್ನೇ ನೇಮಿಸಿದ್ದರು. ಸಕ್ಕಾರಾದ ಹಳೆಯ ಸಮಾಧಿಗಳ ಗೋಡೆಯಲ್ಲಿ ಬೆಸ್ತರು ಕೂತು ಮಲ್ಲೆಟ್ ಮೀನಿನ ಹೊಟ್ಟೆ ಸೀಳುವುದು, ಒಣಗಿಸಲು ಹರಡುವುದು, ಮೊಟ್ಟೆಚೀಲ ಬೇರೆ ತೆಗೆದಿಡುವುದು ಎಲ್ಲ ಕೆತ್ತಿದೆ, ಇವು 4,000 ವರ್ಷಕ್ಕೂ ಹಿಂದಿನವು. ಕ್ರಿ.ಪೂ. ಐದನೇ ಶತಮಾನದಲ್ಲಿ ಅಲ್ಲಿಗೆ ಹೋದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್, ಇವರು ಕೆಲವು ಮೀನನ್ನು ಬಿಸಿಲಲ್ಲಿ ಒಣಗಿಸಿ, ಇನ್ನು ಕೆಲವನ್ನು ಉಪ್ಪುನೀರಿನಲ್ಲಿಟ್ಟು ಬೇಯಿಸದೇ ತಿನ್ನುತ್ತಾರೆ ಅನ್ನುತ್ತಾನೆ. ಅದೇ ಹೆರೊಡೊಟಸ್, ಪುರೋಹಿತರು ಮೀನು ಮುಟ್ಟುವ ಹಾಗಿಲ್ಲ ಅಂತಲೂ ಬರೆದಿದ್ದಾನೆ. ಕ್ರಿ.ಪೂ. ಎಂಟನೇ ಶತಮಾನದಲ್ಲಿ ನೂಬಿಯಾದಿಂದ ಬಂದು ಈಜಿಪ್ಟ್ ಗೆದ್ದ ಪಿಯೆ ದೊರೆಯ ಶಾಸನ ಓದಬೇಕು ನೀವು. ಸೋತ ರಾಜರು ನಾಲ್ವರು ಶರಣಾಗಲು ಬರುತ್ತಾರೆ. ಮೂವರನ್ನು ಅರಮನೆಯ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಕಾರಣ, ಸುನ್ನತಿ ಆಗಿಲ್ಲ ಮತ್ತು ಮೀನು ತಿನ್ನುವವರು! ಮೀನು ತಿನ್ನದ ನಿಮ್ಲೋತ್ ಒಬ್ಬನಿಗೆ ಒಳಗೆ ಪ್ರವೇಶ.

ಈ ಮಾತು ಬಂದಾಗ ಕನ್ನಡದವರಿಗೆ ಗೊತ್ತಿರುವ ಒಂದು ಊರಿನ ಹೆಸರು ಹೇಳಲೇಬೇಕು. ಆಕ್ಸಿರಿಂಕಸ್. ಅಲ್ಲಿನ ಕಸದ ದಿಬ್ಬದಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂಬ ವಾದ ನೂರು ವರ್ಷದಿಂದ ನಡೆದಿದೆಯಲ್ಲ, ಅದೇ ಊರು. ಅದರ ಹೆಸರೇ ಒಂದು ಚೂಪು ಮೂತಿಯ ಮೀನಿನದು. ಆ ಮೀನು ಅಲ್ಲಿಯವರಿಗೆ ಪವಿತ್ರ. ಪಕ್ಕದ ಊರಿನವರು ಆ ಮೀನು ತಿಂದರು ಅಂತ ಸಿಟ್ಟಿಗೆದ್ದು, ಅವರ ಊರಿನ ಪವಿತ್ರ ಪ್ರಾಣಿಯಾದ ನಾಯಿಯನ್ನೇ ಹಿಡಿದು ಬಲಿ ಕೊಟ್ಟು ತಿಂದುಬಿಟ್ಟರಂತೆ, ಅದು ಯುದ್ಧಕ್ಕೇ ತಿರುಗಿ ಕೊನೆಗೆ ರೋಮನ್ನರು ಬಂದು ಇಬ್ಬರಿಗೂ ಬಾರಿಸಿ ಬಿಡಿಸಬೇಕಾಯಿತಂತೆ. ಇದನ್ನು ಬರೆದವನು ನಮ್ಮ ಪ್ಲುಟಾರ್ಕನೇ, ಮತ್ತು ಇದು ಅವನು ನಿಜವಾಗಿ ಬರೆದದ್ದು.

ಒಟ್ಟು ಹೇಳುವುದಾದರೆ ಉಪ್ಪು ಮೀನು ಅಲ್ಲಿ ಪಿರಮಿಡ್ಡಿನಷ್ಟೇ ಹಳೆಯ ಊಟ. ಆದರೆ ಅದು ಜನರ ಊಟ, ಪೂಜೆಯ ಪದಾರ್ಥವಲ್ಲ. ಬೈಬಲಿನಲ್ಲಿ ಮರುಭೂಮಿಯಲ್ಲಿ ಅಲೆಯುವ ಇಸ್ರೇಲರು, ಈಜಿಪ್ಟಿನಲ್ಲಿ ನಾವು ತಿನ್ನುತ್ತಿದ್ದ ಮೀನು, ಸೌತೆ, ಈರುಳ್ಳಿ, ಬೆಳ್ಳುಳ್ಳಿ ಅಂತ ಗೋಳಾಡುವ ಜಾಗವೊಂದಿದೆ. ಅವರೂ ನೆನೆದದ್ದು ಹಬ್ಬವನ್ನಲ್ಲ, ದಿನದ ಊಟವನ್ನು. ಇನ್ನು ನಿಮ್ಮ ಆಫೀಸಿನವರು ತಿನ್ನುವ ಮತ್ತೊಂದು ಮೀನು ‘ರಿಂಗಾ’, ಹೊಗೆ ಹಾಕಿದ ಹೆರಿಂಗ್. ಅದು ಉತ್ತರದ ತಣ್ಣನೆಯ ಅಟ್ಲಾಂಟಿಕ್ ಕಡಲಿನ ಮೀನು, ಹಡಗಿನಲ್ಲಿ ಬರುವ ಸರಕು. ಫೇರೋಗಳು ಅದನ್ನು ಕಣ್ಣಿಂದ ಕೂಡ ಕಂಡವರಲ್ಲ.

ಮೊಟ್ಟೆಯ ವಿಚಾರದಲ್ಲಿ ನಿಮ್ಮ ಗೆಳೆಯರಿಗೆ ಬೇಜಾರಾಗಬಹುದು. ಹಳೆಯ ಈಜಿಪ್ಟಿನವರು ಮೊಟ್ಟೆಯ ಮೇಲೆ ಹರಕೆ ಬರೆದು ಮರಕ್ಕೋ ಗುಡಿಗೋ ನೇತು ಹಾಕುತ್ತಿದ್ದರು ಅಂತ ಓದಿರುತ್ತೀರಿ. ಇದನ್ನು ಹೇಳುವವರು ಯಾರೂ ಒಂದು ಸಾಲು ಬರಹವನ್ನಾಗಲಿ ಒಂದು ಚಿತ್ರವನ್ನಾಗಲಿ ಜೊತೆಗೆ ತೋರಿಸುವುದಿಲ್ಲ. ಸೃಷ್ಟಿಯ ಮೊದಲ ಮೊಟ್ಟೆಯ ಪುರಾಣ ಅಲ್ಲಿತ್ತು, ನಿಜ. 5,000 ವರ್ಷದ ಹಿಂದಿನ ಗೋರಿಗಳಲ್ಲಿ ಗೀಚು ಚಿತ್ರವಿರುವ ಆಸ್ಟ್ರಿಚ್ ಮೊಟ್ಟೆಗಳೂ ಸಿಕ್ಕಿವೆ. ಆದರೆ ಕೋಳಿ? ಕ್ರಿ.ಪೂ. 1450ರ ಆಸುಪಾಸಿನ ಮೂರನೇ ಥುತ್‌ಮೋಸ್‌ನ ಶಾಸನದಲ್ಲಿ, ದಿನಾ ಮರಿ ಹಾಕುವ ಹಕ್ಕಿಗಳು ಪರದೇಶದಿಂದ ಬಂದವು ಅಂತ ಅಚ್ಚರಿಯಿಂದ ಬರೆದಿದ್ದಾರೆ, ಅದು ಕೋಳಿಯೇ ಇರಬೇಕು ಅಂತ ಹಲವರು ಹೇಳುತ್ತಾರೆ. ಮನೆಮನೆಯ ಹಿತ್ತಲಿಗೆ ಕೋಳಿ ಬಂದದ್ದು ಗ್ರೀಕ್ ದೊರೆಗಳಾದ ಟಾಲೆಮಿಗಳ ಕಾಲದಲ್ಲಿ. ಅಷ್ಟು ಹೊತ್ತಿಗೆ ಪಿರಮಿಡ್ಡಿಗೆ 2,000 ವರ್ಷ ಆಗಿಹೋಗಿತ್ತು.

ಬಣ್ಣದ ಮೊಟ್ಟೆಯ ಸುಳಿವು ಚೆನ್ನಾಗಿ ಸಿಗುವುದು ಮಧ್ಯಯುಗದ ಕೈರೋದಲ್ಲಿ. ಅಲ್ಲಿನ ಇತಿಹಾಸಕಾರ ಅಲ್ ಮಕ್ರೀಝಿ (1364–1442) ಕ್ರೈಸ್ತರ ಹಬ್ಬಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಈಸ್ಟರ್‌ಗೆ ಮೊದಲಿನ ಗುರುವಾರ ಕೈರೋದ ಅಂಗಡಿಬೀದಿಗಳಲ್ಲಿ ಬಣ್ಣ ಹಾಕಿದ ಮೊಟ್ಟೆ ರಾಶಿ ರಾಶಿ ಮಾರುತ್ತಿದ್ದರು, ಹುಡುಗರೂ ಆಳುಗಳೂ ಅದನ್ನಿಟ್ಟು ಜೂಜಾಡುತ್ತಿದ್ದರು ಅಂತ ಅವನು ದಾಖಲಿಸಿದ್ದಾನೆ. ಆ ಗುರುವಾರಕ್ಕೆ ಜನ ಇಟ್ಟ ಹೆಸರು ಬೇಳೆ ಗುರುವಾರ, ಅವತ್ತು ಮಸೂರ ಬೇಳೆಯ ಅಡುಗೆ. ಅಂದರೆ ಮೊಟ್ಟೆ ಬಂದದ್ದು ಈಸ್ಟರ್ ಕಡೆಯಿಂದ. ಹಬ್ಬದಿಂದ ಈಸ್ಟರಿಗೆ ಹೋದದ್ದಲ್ಲ, ಈಸ್ಟರಿನಿಂದ ಹಬ್ಬಕ್ಕೆ ಬಂದದ್ದು. ಇವತ್ತಿಗೂ ಅಲ್ಲಿ ಅನೇಕ ಮನೆಗಳಲ್ಲಿ ಈರುಳ್ಳಿ ಸಿಪ್ಪೆ ಹಾಕಿ ಮೊಟ್ಟೆ ಬೇಯಿಸುತ್ತಾರೆ, ಚಿಪ್ಪಿಗೆ ಚಂದದ ಕಂದು ಬಣ್ಣ ಹಿಡಿಯುತ್ತದೆ.

ಹಬ್ಬ ಸೋಮವಾರವೇ ಯಾಕೆ ಅಂತ ನೀವು ಕೇಳಲಿಲ್ಲ, ಆದರೂ ಇಡೀ ಗೊಂಬೆಯಾಟದ ದಾರ ಇರುವುದು ಅಲ್ಲೇ. ಕಾಪ್ಟಿಕ್ ಈಸ್ಟರ್ ಭಾನುವಾರದ ಮಾರನೇ ದಿನ ಈ ಹಬ್ಬ. ಹಾಗಾಗಿ 2024ರಲ್ಲಿ ಮೇ 6ಕ್ಕೆ ಬಂತು, 2025ರಲ್ಲಿ ಏಪ್ರಿಲ್ 21ಕ್ಕೆ. ಹಗಲು ರಾತ್ರಿ ಸಮವಾಗುವ ಮಾರ್ಚ್ ದಿನಕ್ಕೆ ಇದು ಬರುವುದೇ ಇಲ್ಲ. ಕಾಪ್ಟಿಕ್ ಕ್ರೈಸ್ತರಿಗೆ ಈಸ್ಟರ್‌ಗೆ ಮೊದಲು 55 ದಿನದ ಉಪವಾಸ. ಮಾಂಸ, ಹಾಲು, ಮೊಟ್ಟೆ ಇಲ್ಲ, ಮೀನು ಕೂಡ ಇಲ್ಲ. ಹಳೆಯದೊಂದು ವಸಂತದ ಹಬ್ಬ ಉಪವಾಸದ ಮಧ್ಯೆ ಸಿಕ್ಕಿಕೊಂಡು ಮೀನು ತಿನ್ನಲಾಗದೆ, ಅದನ್ನು ಈಸ್ಟರ್ ಆಚೆಗೆ ದೂಡಿದರು ಎಂಬುದು ಸಾಮಾನ್ಯವಾಗಿ ಹೇಳುವ ವಿವರಣೆ. ಇರಬಹುದು. ನನಗೆ ಇನ್ನೂ ಸರಳವಾದದ್ದು ಸಾಕು ಅನ್ನಿಸುತ್ತದೆ. 55 ದಿನ ಬಾಯಿ ಕಟ್ಟಿದವರು ಭಾನುವಾರ ಚರ್ಚು ಮುಗಿಸಿ ಸೋಮವಾರ ಬುತ್ತಿ ಕಟ್ಟಿಕೊಂಡು ನದಿ ದಂಡೆಗೆ ಹೊರಟರೆ, ಬುತ್ತಿಯಲ್ಲಿ ಮೀನು ಮೊಟ್ಟೆ ಇರದೆ ಇನ್ನೇನಿರುತ್ತದೆ?

ಹೊರಗೆ ಹೋಗುವ ಈ ರೂಢಿಗೆ ಒಂದು ಒಳ್ಳೆಯ ಕಣ್ಣಾರೆ ಸಾಕ್ಷಿ ಇದೆ. ಎಡ್ವರ್ಡ್ ವಿಲಿಯಂ ಲೇನ್ ಎಂಬ ಇಂಗ್ಲಿಷಿನವನು 1830ರ ದಶಕದಲ್ಲಿ ಕೈರೋದಲ್ಲಿ ಸ್ಥಳೀಯರ ವೇಷದಲ್ಲೇ ಇದ್ದು, ಅಲ್ಲಿನ ಜನಜೀವನದ ಬಗ್ಗೆ 1836ರಲ್ಲಿ ಪುಸ್ತಕ ತಂದ. ಶಮ್ ಅನ್ನಸೀಮ್ ದಿನ ಬೆಳಗ್ಗೆ ಎದ್ದ ಕೂಡಲೇ, ಮುಖ್ಯವಾಗಿ ಹೆಂಗಸರು, ಈರುಳ್ಳಿ ಒಡೆದು ಮೂಸುತ್ತಾರೆ ಅನ್ನುತ್ತಾನೆ. ಆಮೇಲೆ ಊರಿನವರು ನಡೆದೋ ಸವಾರಿ ಮಾಡಿಯೋ ದೋಣಿಯಲ್ಲೋ, ಸಾಮಾನ್ಯವಾಗಿ ಉತ್ತರ ದಿಕ್ಕಿಗೆ, ಗಾಳಿ ‘ಮೂಸಲು’ ಹೋಗುತ್ತಾರೆ, ಊಟ ಅಲ್ಲೇ. 1834ರಲ್ಲಿ ಮಾತ್ರ ತಂಗಾಳಿಯ ಬದಲು ಕಣ್ಣು ಬಿಡಲಾಗದ ಧೂಳಿನ ಬಿಸಿಗಾಳಿ ಬೀಸಿತಂತೆ. ಆದರೂ ಜನ ಬಿಡಲಿಲ್ಲ, ಅದನ್ನೇ ಮೂಸಲು ಹೋದರು. ಆ ಗಾಳಿಯ ಹೆಸರು ಖಮ್ಸೀನ್. ಈಸ್ಟರ್ ಮಾರನೇ ದಿನದಿಂದ ಸುಮಾರು ಐವತ್ತು ದಿನ ಅದರ ಕಾಟ ಅಂತ ಲೆಕ್ಕ. ಈರುಳ್ಳಿ ಮೂಸುವುದು, ಒಳ್ಳೆ ಗಾಳಿ ತುಂಬಿಕೊಳ್ಳುವುದು, ಎಲ್ಲ ಆ ಕೆಟ್ಟ ಕಾಲದ ಬಾಗಿಲಲ್ಲಿ ನಿಂತು ಮಾಡುವ ಕೆಲಸ. ಇವತ್ತಿಗೂ ಕೈರೋದ ಜನ ಆ ದಿನ ದೋಣಿ ಹತ್ತಿ ಉತ್ತರಕ್ಕೆ, ಅಣೆಕಟ್ಟಿನ ಪಕ್ಕದ ಕನಾತಿರ್ ತೋಟಗಳಿಗೆ ಹೋಗುತ್ತಾರೆ.

ಮೇಲೆ ಪಂಚಾಂಗದ ಮಾತು ನೆನಪಿರಲಿ ಅಂದಿದ್ದೆ. ಫೇರೋಗಳ ಕಾಲದ ಎಳೆ ನನಗೆ ನಿಜವಾಗಿ ಕಾಣುವುದು ಅಲ್ಲಿ. ಕಾಪ್ಟಿಕ್ ಪಂಚಾಂಗದ ತಿಂಗಳ ಹೆಸರುಗಳೆಲ್ಲ ಹಳೆಯ ದೇವರುಗಳವು, ಹಳೆಯ ಹಬ್ಬಗಳವು. ಏಪ್ರಿಲ್ 9ರಿಂದ ಮೇ 8ರವರೆಗಿನ ತಿಂಗಳು ಬರಮೂದಾ. ಅದು ರೆನೆನುತೆತ್ ಎಂಬ ದೇವಿಯ ತಿಂಗಳು. ಹಾವಿನ ರೂಪದ ಈ ದೇವಿ ಪೈರು, ಕಣ, ಕಣಜ ಕಾಯುವವಳು. ಅವಳ ಮಗು ನೆಪ್ರಿ, ಧಾನ್ಯದ ದೇವರು. ಮೂರನೇ ಅಮೆನ್‌ಹೊತೆಪ್‌ನ ಕಣಜಗಳ ಮೇಲ್ವಿಚಾರಕನಾಗಿದ್ದ ಖಾಎಮ್ಹತ್‌ನ ಸಮಾಧಿಯಲ್ಲಿ ಈ ದೇವಿಗೆ ಅವನು ಕೊಯ್ಲಿನ ನೈವೇದ್ಯ ಕೊಡುವ ಚಿತ್ರವಿದೆ, ಶೆಮು ಋತುವಿನ ಮೊದಲ ದಿನ ನೆಪ್ರಿ ಹುಟ್ಟಿದ ದಿನ ಎಂಬ ಬರಹವೂ ಇದೆ. ಆ ದಿನ ಇವತ್ತಿನ ಕಾಪ್ಟಿಕ್ ಲೆಕ್ಕದಲ್ಲಿ ಮೇ 9. ಶಮ್ ಅನ್ನಸೀಮ್ ಬಹುಪಾಲು ವರ್ಷಗಳಲ್ಲಿ ಬೀಳುವುದು ಬರಮೂದಾದಲ್ಲೇ, ಗೋಧಿ ಕೊಯ್ಲಿನ ಹೊತ್ತಿನಲ್ಲೇ. ಮುಸ್ಲಿಂ ರೈತರೂ ಬಿತ್ತನೆ ಕೊಯ್ಲಿಗೆ ನೋಡುವುದು ಈ ಕಾಪ್ಟಿಕ್ ತಿಂಗಳುಗಳನ್ನೇ, ಗಾದೆಗಳೂ ಇವುಗಳ ಮೇಲೇ ಇವೆ. ದೇವಿ ಯಾರೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮೀನು, ಮೊಟ್ಟೆಗಿಂತ ಇದು ನನಗೆ ಗಟ್ಟಿ ಪುರಾವೆಯಾಗಿ ಕಾಣುತ್ತದೆ, ಯಾಕೆಂದರೆ ಹೇಳಿಕೊಳ್ಳಬೇಕು ಅಂತ ಯಾರೂ ಕಟ್ಟಿದ್ದಲ್ಲ.

ಹಾಗಿದ್ದೂ ‘4,500 ವರ್ಷ’ ಅಂತ ಯಾಕೆ ಅಷ್ಟು ಒತ್ತಿ ಹೇಳುತ್ತಾರೆ? ಈಜಿಪ್ಟ್‌ಗೆ ಬ್ರಿಟಿಷರಿಂದ ಹೆಸರಿಗಾದರೂ ಸ್ವಾತಂತ್ರ್ಯ ಸಿಕ್ಕಿದ್ದು 1922ರ ಫೆಬ್ರವರಿಯಲ್ಲಿ, ಫೇರೋ ಟುಟಂಖಾಮುನ್‌ನ ಸಮಾಧಿ ಸಿಕ್ಕಿದ್ದು ಅದೇ ವರ್ಷ ನವೆಂಬರಿನಲ್ಲಿ. ಮಸೀದಿಗೂ ಚರ್ಚಿಗೂ ಮೊದಲಿನ ಫೇರೋಗಳ ಕಾಲ ನಮ್ಮೆಲ್ಲರದು ಎಂಬ ಮಾತು ಅಲ್ಲಿನ ಓದಿದವರಲ್ಲಿ ಆಗ ಜೋರಾಗಿ ಎದ್ದಿತು. ಶಮ್ ಅನ್ನಸೀಮ್ ಎರಡೂ ಧರ್ಮದವರು ಕೂಡಿ ಮಾಡುವ ಹಬ್ಬ, ಸರ್ಕಾರಿ ರಜೆಯೂ ಹೌದು. ಆದರೆ ದಿನ ನಿಲ್ಲುವುದು ಈಸ್ಟರಿನ ಮೇಲೆ, ಕೆಲವು ಕಟ್ಟಾ ಮುಸ್ಲಿಂ ಬೋಧಕರು ಇದು ನಮ್ಮದಲ್ಲ ಅಂತ ಪ್ರತಿ ವರ್ಷ ತಕರಾರು ತೆಗೆಯುತ್ತಾರೆ. ಅಂಥ ಹೊತ್ತಲ್ಲಿ ಫೇರೋ ಕೈಗೆ ಹಬ್ಬ ಒಪ್ಪಿಸಿಬಿಟ್ಟರೆ ಜಗಳ ಮುಗಿಯುತ್ತದೆ. ಹಾಗಾಗಿ ನಿಮ್ಮ ಸಹೋದ್ಯೋಗಿಗಳ ಜೊತೆ ಊಟದ ಮೇಜಿನಲ್ಲಿ ಪ್ಲುಟಾರ್ಕನನ್ನು ಎಳೆದು ತಂದು ವಾದಕ್ಕೆ ಕೂರಬೇಡಿ ಅಂತ ನನ್ನ ಸಲಹೆ. ಮಿನ್ ಮತ್ತು ಲೆಟ್ಯೂಸ್ ಕತೆ ಬೇಕಾದರೆ ಹೇಳಿ, ಖುಷಿಪಡುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಆ ಮೀನಿನ ಹೆಸರು ಫಸೀಖ್. ಮಾಡುವ ರೀತಿ ಹೀಗೆ: ಮಲ್ಲೆಟ್ ಮೀನನ್ನು ಹೊಟ್ಟೆ ಸೀಳದೆ ಹಾಗೇ ಹರಡಿ, ಅದು ಉಬ್ಬುವವರೆಗೆ ಬಿಡುತ್ತಾರೆ. ಆಮೇಲೆ ಕಿವಿರಿಗೆ ಉಪ್ಪು ತುಂಬಿ, ಪೀಪಾಯಿಯಲ್ಲಿ ಒಂದು ಪದರ ಮೀನು ಒಂದು ಪದರ ಉಪ್ಪು ಹಾಕಿ ಮುಚ್ಚಿ, ವಾರಗಟ್ಟಲೆ ಇಡುತ್ತಾರೆ. ತೆಗೆದಾಗ ಮಾಂಸ ಬೆಣ್ಣೆಯಂತೆ ಮೆತ್ತಗೆ, ವಾಸನೆ ಮೂರು ಮನೆಗೆ. ಸಿಪ್ಪೆ ಸುಲಿದು ನಿಂಬೆರಸ, ಎಣ್ಣೆ ಹಾಕಿ ರೊಟ್ಟಿ ಈರುಳ್ಳಿ ಜೊತೆ ಹಸಿಯಾಗೇ ತಿನ್ನುವುದು. ನಮ್ಮ ಕರಾವಳಿಯ ಒಣಮೀನಿನ ಹಾಗೆಯೇ ಇರಬೇಕು ಅಂದುಕೊಳ್ಳಬೇಡಿ. ನಾವು ಬಿಸಿಲಲ್ಲಿ ಗರಿಗರಿ ಒಣಗಿಸಿ, ಮತ್ತೆ ಹುರಿದೋ ಸಾರು ಮಾಡಿಯೋ ತಿನ್ನುತ್ತೇವೆ. ಫಸೀಖ್ ಒದ್ದೆ, ಬೆಂಕಿ ಕಾಣುವುದಿಲ್ಲ. ಉಬ್ಬಲು ಬಿಟ್ಟ ಹೊತ್ತಲ್ಲಿ, ಉಪ್ಪು ಒಳಗೆ ಇಳಿಯುವ ಮೊದಲು, ಗಾಳಿಯಾಡದ ಆ ಹೊಟ್ಟೆಯೊಳಗೆ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾ ವಿಷ ತಯಾರಿಸಬಲ್ಲದು. ವಿಷ ಇರುವುದು ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ಗೊತ್ತಾಗುವುದಿಲ್ಲ, ಅದರಲ್ಲೂ ಈ ಮೀನಿನ ವಾಸನೆಯಲ್ಲಿ. 1991ರ ಏಪ್ರಿಲ್‌ನಲ್ಲಿ ಕೈರೋದಲ್ಲಿ ಫಸೀಖ್ ತಿಂದು 91 ಜನ ಆಸ್ಪತ್ರೆ ಸೇರಿ 18 ಜನ ಸತ್ತರು. ಅಲ್ಲಿನ ಆರೋಗ್ಯ ಇಲಾಖೆ ಹಬ್ಬದ ಮೊದಲು ಪ್ರತಿ ವರ್ಷ ಎಚ್ಚರಿಕೆ ಕೊಡುವುದು ಇದಕ್ಕೇ. ಅನುಭವಸ್ಥ ಫಸೀಖ್ ಅಂಗಡಿಯವರು ಹದ ಬಲ್ಲವರು, ಲಕ್ಷಾಂತರ ಜನ ತಿಂದು ಆರಾಮಾಗೇ ಇರುತ್ತಾರೆ, ಅದೂ ನಿಜ.

ನನ್ನನ್ನು ಕೇಳಿದರೆ, ಮನೆಯಲ್ಲೇ ಮಾಡಿದ್ದು, ಎಲ್ಲಿಂದ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ್ದು, ಸೂಟ್‌ಕೇಸಿನಲ್ಲಿ ಊರಿಂದ ತಂದದ್ದು ಆಗಿದ್ದರೆ ಮುಟ್ಟಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಯಾವುದೂ ಬೇಡ. ರುಚಿ ನೋಡಲೇಬೇಕು ಅಂತಿದ್ದರೆ ರಿಂಗಾ ಕೇಳಿ. ಅದಕ್ಕೆ ಅಪಾಯ ಕಡಿಮೆ, ಬೆಂಕಿಯ ಮೇಲೆ ಚೆನ್ನಾಗಿ ಬಿಸಿ ಮಾಡಿಕೊಡಿ ಅಂತಲೂ ಹೇಳಬಹುದು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಫಸೀಖ್ ತಿಂದ ಮೇಲೆ ಒಂದೆರಡು ದಿನದೊಳಗೆ, ಕೆಲವೊಮ್ಮೆ ಅದಕ್ಕಿಂತ ತಡವಾಗಿ, ಒಂದು ವಸ್ತು ಎರಡಾಗಿ ಕಂಡರೆ, ರೆಪ್ಪೆ ಜೋತುಬಿದ್ದರೆ, ಬಾಯಿ ಒಣಗಿ ನುಂಗಲು ಕಷ್ಟವಾದರೆ, ಮಾತು ತೊದಲಿದರೆ ಮನೆಮದ್ದು ನೋಡುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತ ಮೊದಲೇ ಹೇಳಿ. ಇದಕ್ಕೆ ಪ್ರತಿವಿಷದ ಔಷಧ ಇದೆ, ಆದರೆ ಬೇಗ ಕೊಟ್ಟಷ್ಟೂ ಒಳ್ಳೆಯದು. ಲೆಟ್ಯೂಸ್, ಹಸಿ ಈರುಳ್ಳಿ, ಮೊಟ್ಟೆ ಎಷ್ಟು ಬೇಕೋ ಅಷ್ಟು ತಿನ್ನಿ. ಹಬ್ಬದ ದಿನ 2026ರಲ್ಲಿ ಏಪ್ರಿಲ್ 13, 2027ರಲ್ಲಿ ಮೇ 3.